ಕೆಚ್ಚಲು ಬಾವು: ಲೋಳೆಸರ ಎಲ್ಲಿಯವರೆಗೆ?

ಬೇಬಿ ಬೆಟ್ಟದಲ್ಲೋ ಹೇಮಗಿರಿಯಲ್ಲೋ ದನಗಳ ಜಾತ್ರೆಯಾದರೆ ಹಳ್ಳಿಕಾರ್ ಜೋಡಿಯದೇ ಮಾತು. ಆದರೆ ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ನಾಗಮಂಗಲದ ಕೊಟ್ಟಿಗೆಗಳಲ್ಲಿ ಡೇರಿ ಕ್ಯಾನು ತುಂಬಿಸುವುದು ಹೆಚ್ಚಾಗಿ ಮಿಶ್ರತಳಿ ಹಸುಗಳೇ. ಅವನ್ನು ಕಾಡುವ ಕೆಚ್ಚಲು ಬಾವಿನ ಬಗ್ಗೆ ಬೇರೂರಿರುವ ಕೆಲವು ನಂಬಿಕೆಗಳಿವು.

ದೃಷ್ಟಿ ತಾಗಿದೆ. ತಾಗಿರುವುದು ಬ್ಯಾಕ್ಟೀರಿಯಾ. ಕೊಳಕು ನೆಲ, ತೊಳೆಯದ ಕೈ, ಹೆಬ್ಬೆರಳು ಮಡಚಿ ಕರೆಯುವ ಅಭ್ಯಾಸ ಅದಕ್ಕೆ ದಾರಿ.

ಬಾವು ಬಂದಿಲ್ಲ, ರೋಗವಿಲ್ಲ. ಒಳಗೊಳಗೇ ಇರುವ ಸೋಂಕೇ ಹೆಚ್ಚು. ಶೇ. 3ರ ಬಟ್ಟೆ ಸೋಪಿನ ಪುಡಿ ದ್ರಾವಣವನ್ನು ಪ್ರತಿ ಮೊಲೆಯ ಅಷ್ಟೇ ಹಾಲಿಗೆ ಬೇರೆಬೇರೆಯಾಗಿ ಬೆರೆಸಿ ಅಲುಗಾಡಿಸಿ. ಲೋಳೆಗಟ್ಟಿದರೆ ಆ ಮೊಲೆಯಲ್ಲಿ ಸೋಂಕಿರಬಹುದು.

ಲೋಳೆಸರ ಬರೀ ಅಜ್ಜಿ ಮದ್ದು. ಬೆಂಗಳೂರಿನ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯ (ಟಿಡಿಯು) ಮತ್ತು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಇದನ್ನು ಅಳತೆಗೆ ಇಳಿಸಿ ರೈತರಿಗೆ ಹೇಳಿಕೊಡುತ್ತಿವೆ: ಲೋಳೆಸರ 250 ಗ್ರಾಂ, ಅರಿಶಿನ 50, ಸುಣ್ಣ 15. ರುಬ್ಬಿದಾಗ ಆರತಿಯ ಓಕುಳಿಯಂತೆ ಕೆಂಪಾಗುತ್ತದೆ. ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ, ಲೇಪವನ್ನು ನೀರಾಗಿಸಿ ದಿನಕ್ಕೆ ಎಂಟು ಹತ್ತು ಸಲ ಬಳಿಯಬೇಕು, ಐದು ದಿನವಾದರೂ. ಇಲ್ಲೇ ನಮ್ಮವರು ಸೋಲುವುದು: ಬೆಳಗ್ಗೆ ಒಮ್ಮೆ ಬಳಿದು ಗದ್ದೆಗೆ ಹೋಗಿ, ಸಂಜೆ ಬಂದು ಮದ್ದನ್ನು ಬೈಯುತ್ತಾರೆ. ಸುಣ್ಣ ಅಂದಾಜಿಗೆ ಸುರಿದರೆ ಚರ್ಮ ಸುಡುತ್ತದೆ.

ನಾಟಿ ಮದ್ದಿದ್ದರೆ ಡಾಕ್ಟರ್ ಬೇಡ. ಇದು ಅಪಾಯದ ಮಾತು. ಜ್ವರ ಬಂದು ಮೇವು ಬಿಟ್ಟ, ಹಾಲು ನೀರಾದ ಹಸುವಿಗೆ ಇ. ಕೋಲೈ ಬ್ಯಾಕ್ಟೀರಿಯಾ ಸೋಂಕಿದ್ದರೆ ಜೀವಕ್ಕೇ ಕುತ್ತು. ಕೂಡಲೇ ಪಶುವೈದ್ಯರನ್ನು ಕರೆಸಿ. ಇನ್ನು ಗಂಟುಕಟ್ಟಿದ ಹಳೆಯ ಸ್ಟ್ಯಾಫಿಲೊಕಾಕಸ್ ಸೋಂಕಿನಲ್ಲಿ ಇಂಜೆಕ್ಷನ್ನೂ ಸೋಲುತ್ತದೆ, ಲೇಪವೂ. ಅಂದಹಾಗೆ, 1928ರಲ್ಲಿ ಸಿಕ್ಕ ಪೆನಿಸಿಲಿನ್ ಕೂಡ ಬೂಷ್ಟಿನದೇ, ಅಂದರೆ ಅದೂ ನೈಸರ್ಗಿಕವೇ. 'ನೈಸರ್ಗಿಕ' ಎಂಬ ಬೋರ್ಡು ಮದ್ದಿನ ಗುಣ ಹೇಳುವುದಿಲ್ಲ.

ಇಂಜೆಕ್ಷನ್ ಹಾಕಿದ ಹಸುವಿನ ಹಾಲು ಕಾಯಿಸಿದರೆ ಸರಿ. ಆ್ಯಂಟಿಬಯೋಟಿಕ್ ಅಂಶ ಕುದಿಸಿದರೂ ಪೂರ್ತಿ ಹೋಗದು. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರಬಹುದು. ಔಷಧಿಯ ಚೀಟಿಯಲ್ಲಿ ಬರೆದಷ್ಟು ದಿನ ಡೇರಿಗೂ ಬೇಡ, ಮನೆಗೂ ಬೇಡ.

ಕರೆದ ಮೇಲೆ ಹಸು ಮಲಗಲಿ, ದಣಿದಿದೆ. ಮೊಲೆಯ ತುದಿ ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಸಗಣಿಯ ಮೇಲೆ ಮಲಗಿದರೆ ಸೋಂಕು ನೇರ ಒಳಗೆ. ಮೇವನ್ನು ಕರೆಯುವ ಮುಂಚೆ ಹಾಕುವ ಬದಲು ಕರೆದ ಕೂಡಲೇ ಹಾಕಿ, ತಿನ್ನುತ್ತಾ ನಿಂತಿರುತ್ತದೆ.