ಹಿಮದ ನಾಡಿನಲ್ಲಿ ಹೊಲ ಕಟ್ಟಿದ ರೇಚಲ್ ಕೇಲಾಫ್

ಊರು ಬಿಟ್ಟು ಬಂದವರ ಕಷ್ಟವನ್ನು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಹಿರಿಯರು ಹೊಲಗದ್ದೆ ಬಿಟ್ಟು ಬಂದು, ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದವರು. ಆದರೆ ತಮ್ಮದೆನ್ನುವ ಹೊಲಕ್ಕಾಗಿಯೇ ಸಮುದ್ರ ದಾಟಿ ಹೋದವರೂ ಇದ್ದಾರೆ. ಅಮೆರಿಕದ ಉತ್ತರ ಡಕೋಟಾದಲ್ಲಿ ಬೇಸಾಯ ಮಾಡಿದ ರೇಚಲ್ ಕೇಲಾಫ್ ಅವರಲ್ಲಿ ಒಬ್ಬರು.

1876ರಲ್ಲಿ, ಅಂದು ರಷ್ಯಾದ ಆಳ್ವಿಕೆಗೆ ಸೇರಿದ್ದ ಉಕ್ರೇನ್‌ನ ಯಹೂದಿ ಕುಟುಂಬದಲ್ಲಿ ಜನಿಸಿದ ರೇಚಲ್, ನಾಲ್ಕನೇ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ಮಲತಾಯಿಯ ಕಾಟ, ಅನಂತರ ಬಂಧುಗಳ ಮನೆಯಲ್ಲಿ ಆಳಿನಂತೆ ದುಡಿತ. ಹೀಗಿರುವಾಗ ಅಮೆರಿಕದಲ್ಲಿದ್ದ ಅಬ್ರಹಾಂ ಕೇಲಾಫ್ ಎಂಬ ಯುವಕನ ಸಂಬಂಧ ಕೂಡಿಬಂತು. ಭಾವಚಿತ್ರ ನೋಡಿಯೇ ಒಪ್ಪಿಗೆ! 1894ರಲ್ಲಿ ಹಡಗಿನಿಂದ ನ್ಯೂಯಾರ್ಕ್‌ನಲ್ಲಿ ಇಳಿದಾಗಲೇ ಆಕೆ ವರನನ್ನು ಮೊದಲ ಬಾರಿ ಕಂಡದ್ದು.

ಅಮೆರಿಕ ಸರಕಾರ 1862ರಲ್ಲಿ ತಂದ ಕಾನೂನಿನಂತೆ, ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆಯವರೆಗೆ ಜಮೀನು ಸಿಗುತ್ತಿತ್ತು. ಕಾಗದದಲ್ಲಿ ಇದು ಪುಕ್ಕಟೆ ಭೂಮಿ. ಅದರ ಬೆಲೆ ಎಷ್ಟೆಂಬುದು ಡೆವಿಲ್ಸ್ ಲೇಕ್ ಸಮೀಪದ ಆ ಬಯಲಿಗೆ ಹೋದ ಮೇಲೆಯೇ ರೇಚಲ್‌ಗೆ ತಿಳಿಯಿತು.

ನವದಂಪತಿಗೆ ಸಿಕ್ಕಿದ್ದು ಸುಮಾರು 12 ಅಡಿ ಅಗಲ, 14 ಅಡಿ ಉದ್ದದ ಒಂದು ಗುಡಿಸಲು. ಚಾಳಿನ ಖೋಲಿಯಲ್ಲಿ ಸಂಸಾರ ಮಾಡಿದವರಿಗೆ ಈ ಅಳತೆ ಹೊಸದಲ್ಲ. ಆದರೆ ಚಾಳಿನಲ್ಲಿ ಬಾಗಿಲು ತೆರೆದರೆ ನೆರೆಯವರಿರುತ್ತಾರೆ, ಅಲ್ಲಿ ಬರೀ ಹಿಮ. ಚಳಿಗಾಲಕ್ಕೆ ಉರುವಲು ಸಾಲದೆಂದು ಅತ್ತೆ, ಮಾವ, ಮೈದುನ ಎಲ್ಲರೂ ಅದೇ ಗುಡಿಸಲಿಗೆ ಬಂದು ಸೇರಿದರು. ಸಾಲದ್ದಕ್ಕೆ ಕೋಳಿಗಳು ಮತ್ತು ಒಂದು ಕರು! ಹೊರಗೆ ಬಿಟ್ಟರೆ ಅವು ಸತ್ತೇ ಹೋಗುತ್ತಿದ್ದವು. ಹಸಿವು, ಚಳಿಗಳಿಗಿಂತಲೂ ಗಂಡ ಹೆಂಡತಿಗೆ ಏಕಾಂತವೆಂಬುದೇ ಇಲ್ಲದ್ದು ತನ್ನನ್ನು ಹೆಚ್ಚು ಹಿಂಸಿಸಿತೆಂದು ರೇಚಲ್ ಮುಂದೆ ಸಂಕೋಚವಿಲ್ಲದೆ ಬರೆದಿದ್ದಾರೆ. ಆ ಕಾಲದ ಹೆಣ್ಣುಮಗಳೊಬ್ಬಳು ಇದನ್ನು ಹೇಳಿಕೊಂಡದ್ದೇ ದೊಡ್ಡದು.

ಒಲೆಗೆ ಒಣಗಿದ ಸಗಣಿಯೇ ಆಧಾರ. ನಮ್ಮ ಹಳ್ಳಿಯ ಬೆರಣಿಯನ್ನು ಬಲ್ಲವರಿಗೆ ಅಮೆರಿಕದಲ್ಲೂ ಇದಿತ್ತೆಂದರೆ ಅಚ್ಚರಿಯಾದೀತು. ದೀಪವಿಲ್ಲದಾಗ ರೇಚಲ್ ಜೇಡಿಮಣ್ಣಿನಿಂದ ಹಣತೆ ಮಾಡಿ, ಬಟ್ಟೆಯ ಬತ್ತಿಗೆ ಬೆಣ್ಣೆ ಸವರಿ ಬೆಳಕು ಮಾಡಿದರು. ಬಯಲಿನಲ್ಲಿ ಕಾಡು ಬೆಳ್ಳುಳ್ಳಿ, ಅಣಬೆ ಕಂಡಾಗ ವಿಷವೋ ಏನೋ ಎಂದು ಮೊದಲು ತಾನೇ ತಿಂದು ನೋಡಿ, ಏನೂ ಆಗದ ಮೇಲೆ ಮನೆಯವರಿಗೆ ಬಡಿಸಿದರು.

ಚೊಚ್ಚಲ ಹೆರಿಗೆಯಾದಾಗ ಮಗುವಿನ ಮೇಲೆ ದೆವ್ವಗಳ ಕಣ್ಣಿದೆಯೆಂದು ಅತ್ತೆ ಹೆದರಿಸಿದರು. ಬಾಣಂತಿಯಾಗಿದ್ದ ರೇಚಲ್ ಹೆದರಿಕೆಯಿಂದ ಕೆಲಕಾಲ ಭ್ರಮೆಗೊಳಗಾದರು. ಬಾಣಂತಿಯ ಮನಸ್ಸಿನ ಬಗ್ಗೆ ಈಗಲಾದರೂ ನಮ್ಮ ಮನೆಗಳಲ್ಲಿ ಎಷ್ಟು ಯೋಚಿಸುತ್ತಾರೆ?

ಮುಂದೆ ಕಷ್ಟ ನಿಧಾನವಾಗಿ ಇಳಿಯಿತು. ಕಟಾವಿಗೆ ನಿಂತ ಬೆಳೆಯನ್ನು ಆಲಿಕಲ್ಲು ಮಳೆ ನೆಲಸಮ ಮಾಡಿದ ವರ್ಷವೂ ಇತ್ತು. ಆದರೂ ದಂಪತಿ ಜಮೀನು ಬಿಡಲಿಲ್ಲ. ಮನೆ ದೊಡ್ಡದಾಯಿತು, ದನಕರು ಹೆಚ್ಚಿದವು. ರೇಚಲ್ ಒಂಬತ್ತು ಮಕ್ಕಳ ತಾಯಿಯಾದರು. 1917ರಲ್ಲಿ ಕುಟುಂಬ ಸೇಂಟ್ ಪಾಲ್ ನಗರಕ್ಕೆ ಹೋಗಿ ನೆಲೆಸಿತು.

1936ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ರೇಚಲ್ ಇದನ್ನೆಲ್ಲ ತನ್ನ ಮಾತೃಭಾಷೆ ಯಿಡ್ಡಿಷ್‌ನಲ್ಲಿ ಬರೆಯತೊಡಗಿದರು. ಅಷ್ಟು ವರ್ಷ ಇಂಗ್ಲಿಷಿನ ನಾಡಿನಲ್ಲಿದ್ದರೂ ಮನಸ್ಸಿನ ಮಾತಿಗೆ ತಾಯ್ನುಡಿಯೇ ಬೇಕಾಯಿತು. ಆಕೆ ತೀರಿಕೊಂಡದ್ದು 1952ರಲ್ಲಿ. ಆ ಬರವಣಿಗೆ ಇಂಗ್ಲಿಷಿಗೆ ಅನುವಾದಗೊಂಡು, ಇಂಡಿಯಾನಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಪುಸ್ತಕವಾಗಿ ಹೊರಬಂದದ್ದು 1995ರಲ್ಲಿ. ಅನುವಾದಕ್ಕೆ ಕೈಜೋಡಿಸಿದವರಲ್ಲಿ ಆಕೆಯ ಮಗನೂ ಒಬ್ಬರು.