ಹೊಳೆ, ಹೊಂಡ, ಕೆರೆ: ನೀರಿನ ಜಾಡಿನಲ್ಲಿ ಚರಿತ್ರೆ

ನಡುಗಡ್ಡೆ ಎಂದೊಡನೆ ನೆನಪಾಗುವುದು ಕಡಲು. ಐರ್ಲೆಂಡಿನಂಥ ದ್ವೀಪದೇಶಕ್ಕೆ ಹೋದ ಪ್ರವಾಸಿಗರು ದೋಣಿ ಹತ್ತಿ ನಡುಗಡ್ಡೆಯಿಂದ ನಡುಗಡ್ಡೆಗೆ ಸಾಗಿ ಅಲ್ಲಿನ ಚರಿತ್ರೆಯನ್ನು ಅರಿಯುವುದುಂಟು. ಕಡಲಿನಿಂದ ಬಲು ದೂರದ ದಾವಣಗೆರೆ ಜಿಲ್ಲೆಯಲ್ಲಿಯೂ ಅಂಥದೊಂದು ಪ್ರವಾಸ ಸಾಧ್ಯ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಕೋಟೆ ಗುಡಿಗಳನ್ನಷ್ಟೇ ನೋಡಿದರೆ ಚರಿತ್ರೆಯ ಅರ್ಧ ಮಾತ್ರ ಕಂಡೀತು. ಉಳಿದರ್ಧ ಕಾಣಬೇಕಾದರೆ ನೀರಿನ ಜಾಡು ಹಿಡಿಯಬೇಕು.

ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯತ್ತ ಹರಿಯುತ್ತವೆ. ಈ ಹರಿವಿನ ನಡುವೆ, ಗೋವಿನಕೋವಿಯ ಸಮೀಪ, ಇರುವುದು ಕುರುವ. 'ಕುರುವ' ಎಂದರೆ ಹಳೆಯ ಕನ್ನಡದಲ್ಲಿ ನಡುಗಡ್ಡೆ ಎಂದೇ ಅರ್ಥ. ಇಲ್ಲಿನ ದೇವರನ್ನು ಜನ ಗಡ್ಡೆ ರಾಮೇಶ್ವರನೆಂದು ಕರೆಯುತ್ತಾರೆ. ಊರಿಗೂ ದೇವರಿಗೂ ಹೆಸರು ಕೊಟ್ಟದ್ದು ಹೊಳೆಯೇ. ಮಳೆಗಾಲದಲ್ಲಿ ಇಲ್ಲಿಗೆ ಹೋಗುವವರು ನೀರಿನ ಮಟ್ಟ ನೋಡಿಕೊಂಡೇ ಹೊರಡಬೇಕು.

ಕುರುವ ಪ್ರಕೃತಿ ಕೊಟ್ಟದ್ದಾದರೆ, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿರುವುದು ಮನುಷ್ಯ ಕಟ್ಟಿದ ನಡುಗಡ್ಡೆ. ನಾಯಕ ಮನೆತನದ ಹನುಮಪ್ಪ ನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಪುಷ್ಕರಣಿಗೆ ಸುತ್ತಲೂ ಕಲ್ಲಿನ ಮೆಟ್ಟಿಲುಗಳಿವೆ. ನಟ್ಟನಡುವೆ, ನೀರಿನಿಂದಲೇ ಎದ್ದು ಬಂದಂತೆ, ವಸಂತ ಮಂಟಪ ನಿಂತಿದೆ. ನಾಯಕನ ರಾಮ ದೇವಾಲಯ ಬಿಜಾಪುರದವರ ದಾಳಿಯಲ್ಲಿ ನಾಶವಾಯಿತು. ಹೊಂಡದ ಬದಿಯಲ್ಲಿರುವ ಮುಸಾಫಿರ್‌ಖಾನೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಸೇರಿಕೊಂಡಿದೆ. ಗುಡಿ ಹೋಯಿತು, ಹೊಂಡ ಉಳಿಯಿತು. ಊರನ್ನು ಗೆದ್ದವರಿಗೂ ನೀರು ಬೇಕಿತ್ತಲ್ಲವೆ?

ಅದೇ ತಾಲ್ಲೂಕಿನ ಸೂಳೆಕೆರೆ, ಅಂದರೆ ಇಂದಿನ ಶಾಂತಿಸಾಗರ, ಏಷ್ಯಾದ ಎರಡನೆಯ ಅತಿ ದೊಡ್ಡ ಕೆರೆ ಎಂದು ಪ್ರಸಿದ್ಧವಾಗಿದೆ. ಇದರ ಸುತ್ತಳತೆ ಸುಮಾರು 40 ಮೈಲಿ ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಇಷ್ಟು ದೊಡ್ಡ ಕೆರೆಯ ಏರಿಯ ಉದ್ದ ಸಾವಿರ ಅಡಿಗೂ ಕಡಿಮೆ ಎಂಬುದು ವಿಶೇಷ. ಹರಿದ್ರಾ ನದಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿಯುವ ಜಾಗವನ್ನೇ ಆಯ್ದು ಹಿಂದಿನವರು ಏರಿ ಹಾಕಿದರು. ಉಳಿದ ಕೆಲಸವನ್ನು ಗುಡ್ಡಗಳೇ ಮಾಡುತ್ತಿವೆ. ಸಿದ್ಧನಾಲೆ ಮತ್ತು ಬಸವನಾಲೆಗಳು ಗದ್ದೆ ತೋಟಗಳಿಗೆ ನೀರೊಯ್ಯುತ್ತವೆ. ಹರಿದ್ರೆ ಮುಂದೆ ಸಾಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಕೆರೆಯ ಹೆಸರಿಗೊಂದು ಕಥೆಯಿದೆ. ತಂದೆಯ ನಿಂದೆಗೆ ಗುರಿಯಾದ ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಮುಂದಾದಳು. ಬೇಕಾದ ನೆಲ ವೇಶ್ಯೆಯರದಾಗಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು ಎಂಬುದು ಐತಿಹ್ಯ. ಇದನ್ನು ಶಾಸನದಂತೆ ನಂಬಬೇಕಾಗಿಲ್ಲ. ಆದರೆ ಒಂದು ಕೆರೆ ಹುಟ್ಟಬೇಕಾದರೆ ಯಾರೋ ನೆಲ ಕಳೆದುಕೊಳ್ಳಬೇಕು, ಅವರ ಹೆಸರಾದರೂ ಉಳಿಯಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಅಣೆಕಟ್ಟುಗಳ ಕಾಲಕ್ಕೂ ಸಲ್ಲುವ ಮಾತಿದು.

ಚನ್ನಗಿರಿಯ ಅಡಿಕೆ ತೋಟಗಳನ್ನು ದಾಟಿ ಈಶಾನ್ಯಕ್ಕೆ, ಜಗಳೂರಿಗೆ, ಬಂದರೆ ನೋಟವೇ ಬದಲಾಗುತ್ತದೆ. ಕುರುಚಲು ಕಾಡು, ಕಲ್ಲುಗುಡ್ಡ, ಮಳೆ ಕಾಯುವ ಹೊಲ. ಇಲ್ಲಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ನಾಚಿಕೆಯ ಪ್ರಾಣಿ ಒಣಕಾಡಿನದೇ ಆದರೂ ನೀರಿನಿಂದ ಬಹಳ ದೂರ ಹೋಗುವುದಿಲ್ಲ. ಬರಡು ಎಂದು ಕರೆಯುವ ಸೀಮೆಯಲ್ಲಿಯೂ ಬದುಕು ಯಾವುದೋ ಹಳ್ಳ, ಕಟ್ಟೆಯ ಆಸರೆಯಲ್ಲಿ ನಡೆಯುತ್ತಿದೆ ಎಂಬುದಕ್ಕೆ ಕೊಂಡುಕುರಿಯೇ ಸಾಕ್ಷಿ.

ಈಗ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನ ಮೂಲಕ ತುಂಬಿಸುವ ಯೋಜನೆ ರೂಪುಗೊಂಡಿದೆ. ಕುರುವವನ್ನು ಸುತ್ತಿ ಬಂದ ಹೊಳೆಯೇ ಬಯಲುಸೀಮೆಗೆ ಏರಿ ಬರುವ ಬಗೆ ಇದು. ಆದರೆ ನೀರು ತಂದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ. ಚಿತ್ರದುರ್ಗದವರೆಗೆ ಕುಡಿಯುವ ನೀರು ಕೊಡುವ ಸೂಳೆಕೆರೆಯಲ್ಲಿಯೇ ಹೂಳು ತುಂಬುತ್ತ, ಅಂಚು ಒತ್ತುವರಿಯಾಗುತ್ತ ಬಂದಿದೆ. ಏರಿ ಶತಮಾನಗಳಿಂದ ಗಟ್ಟಿಯಾಗಿ ನಿಂತಿದ್ದರೂ ಒಳಗಿನ ಜಾಗ ಕುಗ್ಗಿದರೆ ಫಲವೇನು? ಹೂಳೆತ್ತುವ, ಗಡಿಕಲ್ಲು ಕಾಯುವ, ತೂಬು ನೋಡಿಕೊಳ್ಳುವ ಊರಿನವರ ಕೆಲಸ ಯಾವ ಗೈಡಿನ ಮಾತಿನಲ್ಲಿಯೂ ಬರುವುದಿಲ್ಲ. ಪ್ರವಾಸಿ ಇಂದು ನೋಡುತ್ತಿರುವ ಕೆರೆ ಹೊಂಡಗಳು ಉಳಿದಿರುವುದು ಮಾತ್ರ ಆ ಕೆಲಸದಿಂದಲೇ.