ಹೀರಿ ತೆಗೆದರೆ ಆರದ ಉರಿ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ನಮ್ಮ ರಕ್ಷಣಾ ಕಣಗಳು ರೋಗಾಣುಗಳೊಡನೆ ಹೋರಾಡುತ್ತಿವೆ ಎಂಬುದರ ಗುರುತು. ಗಾಯ ಮಾಗಿದಂತೆ ಅದೂ ಆರುತ್ತದೆ. ಆದರೆ ಮುಳ್ಳೂ ಇಲ್ಲದೆ, ನೋವೂ ಕಾಣದೆ, ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಉಳಿಯುವ ಉರಿಯೂತವೊಂದಿದೆ. ಅದು ಬೊಜ್ಜಿನೊಳಗಿನದು.

ಕೊಬ್ಬು ಎಂದರೆ ಶಕ್ತಿಯ ಉಗ್ರಾಣ ಎಂದಷ್ಟೇ ಬಹುಕಾಲ ತಿಳಿಯಲಾಗಿತ್ತು. ಬೊಜ್ಜು ಬೆಳೆದ ಇಲಿಗಳ ಕೊಬ್ಬು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ರಾಸಾಯನಿಕವನ್ನು ಹೆಚ್ಚಾಗಿ ತಯಾರಿಸುತ್ತದೆ, ಇದು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು 1993ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. 2003ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಬೊಜ್ಜು ಬೆಳೆದಂತೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ಕೊಬ್ಬಿನೊಳಗೆ ಬಂದು ಸೇರುತ್ತವೆ. ಇವುಗಳ ರಾಸಾಯನಿಕಗಳು ರಕ್ತದ ಮೂಲಕ ಪಿತ್ತಜನಕಾಂಗವನ್ನು ತಲುಪಿದಾಗ ಅದು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಒಳಗೆ ಉರಿಯಿದೆಯೆಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದು ಹೀಗೆ.

ಹಾಗಾದರೆ ಕೊಬ್ಬನ್ನೇ ತೆಗೆದುಬಿಟ್ಟರಾಯಿತಲ್ಲ? ಅಮೆರಿಕದಲ್ಲಿ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲೈಪೋಸಕ್ಷನ್ ಮೂಲಕ ಸುಮಾರು 10 ಕಿಲೋ ಕೊಬ್ಬನ್ನು ಹೀರಿ ತೆಗೆದು, ಎರಡೂವರೆ ತಿಂಗಳ ನಂತರ ಪರೀಕ್ಷಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಉರಿಯೂತ ಇಳಿದಿರಲಿಲ್ಲ, ಇನ್ಸುಲಿನ್ ಕೆಲಸವೂ ಸುಧಾರಿಸಿರಲಿಲ್ಲ.

ಇನ್ನು ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ನೋಡಿ. ಇಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಜಠರವನ್ನು ಕಿರಿದುಗೊಳಿಸುತ್ತಾರೆ, ಕೆಲವು ವಿಧಾನಗಳಲ್ಲಿ ಆಹಾರದ ಹಾದಿಯನ್ನೂ ಬದಲಿಸುತ್ತಾರೆ. ಶಸ್ತ್ರಚಿಕಿತ್ಸೆಯೂ ಗಾಯವೇ ಆದ್ದರಿಂದ ಮೊದಲ ದಿನಗಳಲ್ಲಿ ಉರಿಯೂತ ಏರುತ್ತದೆ. ಬಳಿಕ ತಿಂಗಳುಗಳಲ್ಲಿ, ತೂಕ ಇಳಿದಂತೆ ಸಿ-ರಿಯಾಕ್ಟಿವ್ ಪ್ರೋಟೀನೂ ಇಳಿಯುತ್ತದೆ. ಮೂರು ತಿಂಗಳಲ್ಲಿ ಕೊಬ್ಬಿನೊಳಗಿನ ಭಕ್ಷಕ ಕಣಗಳೂ ಕಡಿಮೆಯಾದುದನ್ನು ಫ್ರಾನ್ಸಿನ ಸಂಶೋಧಕರು 2005ರಲ್ಲಿ ವರದಿ ಮಾಡಿದರು.

ಈ ವ್ಯತ್ಯಾಸಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಸರಳ. ಹೀರಿ ತೆಗೆದಾಗ ಕೊಬ್ಬಿನ ಕೋಶಗಳ ಸಂಖ್ಯೆ ತಗ್ಗುತ್ತದೆ, ಆದರೆ ಉಳಿದ ಕೋಶಗಳು ಉಬ್ಬಿದಂತೆಯೇ ಇರುತ್ತವೆ. ಕರುಳಿನ ಸುತ್ತಲಿನ, ಪಿತ್ತಜನಕಾಂಗದೊಳಗಿನ ಕೊಬ್ಬೂ ಹಾಗೆಯೇ ಇರುತ್ತದೆ. ಊಟ ಕಡಿಮೆಯಾದಾಗಲಾದರೋ ದೇಹ ತನ್ನ ಉಗ್ರಾಣವನ್ನು ತಾನೇ ಖರ್ಚು ಮಾಡುತ್ತದೆ. ಎಲ್ಲೆಡೆಯ ಕೋಶಗಳೂ ಕುಗ್ಗುತ್ತವೆ. ಕರುಳಿನ ಹಾರ್ಮೋನುಗಳ ಬದಲಾವಣೆಯೂ ಇದಕ್ಕೆ ನೆರವಾಗುತ್ತದೆ.

ಹಾಗೆಂದು ಇದು ಎಲ್ಲರಿಗೂ ಹೇಳಿದ ಚಿಕಿತ್ಸೆಯಲ್ಲ. ತೀವ್ರ ಬೊಜ್ಜಿನಿಂದ ಆರೋಗ್ಯ ಕೆಟ್ಟವರಿಗೆ ವೈದ್ಯರು ಅಳೆದು ತೂಗಿ ಸೂಚಿಸುವಂಥದು. ನಂತರ ಜೀವನಪರ್ಯಂತ ವಿಟಮಿನ್, ಕಬ್ಬಿಣದಂಥ ಪೋಷಕಾಂಶಗಳ ಮೇಲೆ ನಿಗಾ ಬೇಕು.

ಪಾಲಕರು ಗಮನಿಸಬೇಕಾದ ಮಾತೊಂದಿದೆ. 8ರಿಂದ 16 ವರ್ಷದ ಅಮೆರಿಕನ್ ಮಕ್ಕಳ ಸಮೀಕ್ಷೆಯೊಂದರ ಪ್ರಕಾರ, ತೂಕ ಹೆಚ್ಚಿದ ಮಕ್ಕಳ ರಕ್ತದಲ್ಲೂ ಈ ಪ್ರೋಟೀನ್ ಹೆಚ್ಚಾಗಿತ್ತು. ಇದು ಪ್ರಕಟವಾದದ್ದು 2001ರಲ್ಲಿ. ಆದ್ದರಿಂದ ಮಗು ದುಂಡಗಿದ್ದರೆ ಚೆಂದ ಎಂದು ಸುಮ್ಮನಿರುವುದು ಸರಿಯಲ್ಲ. ‘ಡುಮ್ಮ’ ಎಂದು ಹಂಗಿಸುವುದಂತೂ ಸಲ್ಲದು. ಹಂಗಿಸಿದರೆ ಮಗು ಆಟದ ಮೈದಾನದಿಂದ ದೂರವಾದೀತು. ವಿದ್ಯಾರ್ಥಿಗಳೇ, ಅಂಥ ಗೆಳೆಯನಿದ್ದರೆ ಸಂಜೆಯ ಆಟಕ್ಕೆ ಅವನನ್ನೂ ಕರೆಯಿರಿ.